ನೋಟ ಪರರಿಚ್ಛೆಯೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಉಡುಗೆ ತೊಡುಗೆಯ ಮಟ್ಟಿಗೆ ಈ ಮಾತನ್ನು ಒಪ್ಪಿಕೊಂಡು ನಡೆದರೆ ಹೆಚ್ಚಿನ ನಷ್ಟವೇನೂ ಇಲ್ಲ. ಸೀರೆಯ ಬಣ್ಣವನ್ನು ಅತ್ತೆಯವರು ಆರಿಸಿದರೂ ಸರಿಯೆ, ಅಂಗಡಿಯವನು ಆರಿಸಿದರೂ ಸರಿಯೆ. ಸಂಜೆ ಮನೆಗೆ ಬಂದು ಬಿಚ್ಚಿ ಮಡಿಸಿಟ್ಟರೆ ಮುಗಿಯಿತು. ಆದರೆ ಬಿಚ್ಚಿಡಲು ಬಾರದ ಉಡುಗೆಯೊಂದಿದೆ. ಅದು ದೇಹ. ಆ ದೇಹವನ್ನೇ ಕೊಯ್ದು, ಒಳಗೆ ಬೇರೊಂದು ವಸ್ತುವನ್ನಿಟ್ಟು, ಹೊಲಿದು, ಬೇಕಾದ ಆಕಾರಕ್ಕೆ ತರಲು ಸಾಧ್ಯವಾಗಿರುವ ಈ ಕಾಲದಲ್ಲಿ ಗಾದೆಯ ಉತ್ತರಾರ್ಧವನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗಿದೆ.

ನಾವು ಇಲ್ಲಿ ಹೇಳಹೊರಟಿರುವುದು ಸ್ತನದೊಳಗೆ ಇಡುವ ಸಿಲಿಕೋನ್ ಚೀಲದ ವಿಚಾರ. ವೈದ್ಯರು ಅದನ್ನು ಇಂಪ್ಲಾಂಟ್ ಎನ್ನುತ್ತಾರೆ. ಸ್ತನವನ್ನು ದೊಡ್ಡದು ಮಾಡಿಕೊಳ್ಳಬೇಕೆನ್ನುವವರಿಗೂ ಅದೇ, ಕ್ಯಾನ್ಸರಿನಿಂದ ಸ್ತನವನ್ನು ಕಳೆದುಕೊಂಡವರಿಗೂ ಅದೇ. ಇಬ್ಬರ ಮುಂದೆಯೂ ವೈದ್ಯರು ಇಡುವ ಪ್ರಶ್ನೆ ಒಂದೇ: ಎಷ್ಟು ಗಾತ್ರದ್ದು ಬೇಕು?

ರಾಜ್ಯೋತ್ಸವದ ವರದಿ, ನಾಟಕದ ವಿಮರ್ಶೆಗಳ ನಡುವೆ ಸಂಘದ ಪತ್ರಿಕೆಯಲ್ಲಿ ಇದೇನು ವಿಷಯ ಎಂದು ಕೆಲವು ವಾಚಕರಿಗೆ ಮುಜುಗರವಾಗಬಹುದು. ಆದರೆ ಕಚೇರಿಯಲ್ಲಿ ದುಡಿಯುವ ನಾವು ಹೆಂಗಸರು ಲೋಕಲ್ ಗಾಡಿಯ ನಮ್ಮ ಡಬ್ಬಿಯಲ್ಲಿ ಈ ಮಾತನ್ನು ಆಗಾಗ ಕೇಳುತ್ತಲೇ ಇದ್ದೇವೆ. ಕಾಲೇಜು ಹುಡುಗಿಯರ ಕೈಯ ಮೊಬೈಲಿನಲ್ಲಿ 'ಮೊದಲು' ಮತ್ತು 'ನಂತರ' ಎಂಬ ಚಿತ್ರಗಳಿರುತ್ತವೆ. ಅದೇ ಬೆಂಚಿನ ತುದಿಯಲ್ಲಿ ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡ ತಾಯಿಯೊಬ್ಬಳು ಕುಳಿತಿರುತ್ತಾಳೆ. ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದೇ. ಆದುದರಿಂದ ಇದು ಸಿನಿಮಾದವರ ಪ್ರಶ್ನೆ ಮಾತ್ರ ಎಂದು ಪಕ್ಕಕ್ಕಿಡುವಂತಿಲ್ಲ. ಅಳತೆ ಎಷ್ಟು ಎಂಬ ಪ್ರಶ್ನೆಯ ಹಿಂದೆ, ಆ ಅಳತೆ ಯಾರದು ಎಂಬ ಇನ್ನೊಂದು ಪ್ರಶ್ನೆ ಇದೆ. ಅದೇ ನಮ್ಮ ವಿಷಯ.

ಈ ಶಸ್ತ್ರಚಿಕಿತ್ಸೆಯ ಚರಿತ್ರೆ ಆರಂಭವಾಗುವ ರೀತಿಯೇ ವಿಚಾರ ಮಾಡತಕ್ಕದ್ದಾಗಿದೆ. ೧೯೬೨ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಫ್ರಾಂಕ್ ಗೆರೋ ಮತ್ತು ಥಾಮಸ್ ಕ್ರೋನಿನ್ ಎಂಬ ಶಸ್ತ್ರವೈದ್ಯರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಮೊಟ್ಟಮೊದಲು ಒಬ್ಬ ಹೆಂಗಸಿಗೆ ಅಳವಡಿಸಿದರು. ಅದಕ್ಕೂ ಮುಂಚೆ ಅವರು ಅದನ್ನು ಒಂದು ನಾಯಿಯ ಮೇಲೆ ಪರೀಕ್ಷಿಸಿದ್ದರು. ಆ ಹೆಂಗಸಿನ ಹೆಸರು ಟಿಮ್ಮಿ ಜೀನ್ ಲಿಂಡ್ಸೆ, ಆರು ಮಕ್ಕಳ ತಾಯಿ. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆಯನ್ನು ತೆಗೆಸಿಕೊಳ್ಳಲು. ಸ್ತನ ದೊಡ್ಡದಾಗಲಿ ಎಂದು ಆಕೆ ಕೇಳಿರಲಿಲ್ಲ. ವೈದ್ಯರೇ ಕೇಳಿದರು. ಆಕೆಗೆ ಮನಸ್ಸಿದ್ದದ್ದು ಕಿವಿಯ ಮೇಲೆ. ಮುಂದಕ್ಕೆ ಚಾಚಿದಂತಿದ್ದ ತನ್ನ ಕಿವಿಗಳನ್ನು ಸರಿಪಡಿಸಿಕೊಡುವುದಾದರೆ ಇದಕ್ಕೂ ಒಪ್ಪುತ್ತೇನೆ ಎಂದಳು. ಹಾಗೆಯೇ ಆಯಿತು.

ಇಲ್ಲಿ ಬಲಾತ್ಕಾರವೇನೂ ನಡೆಯಲಿಲ್ಲ. ಆಕೆ ಒಪ್ಪಿಯೇ ಮಲಗಿದಳು. ಆದರೂ ಬಯಸಿದ್ದು ಕಿವಿ, ಬೆಳೆದದ್ದು ಎದೆ ಎಂಬ ಮಾತು ಉಳಿಯುತ್ತದೆ. ಒಪ್ಪಿಗೆ ಬೇರೆ, ಬಯಕೆ ಬೇರೆ. ಒಪ್ಪಿಗೆಗೆ ಒಂದು ಸಹಿ ಸಾಕು. ಕಚೇರಿಯಲ್ಲಿ ದಿನವೂ ಸಹಿ ಮಾಡಿಸಿಕೊಳ್ಳುವ ನಮಗೆ ಅದು ಚೆನ್ನಾಗಿ ಗೊತ್ತು. ಬಯಕೆ ಎಲ್ಲಿಂದ ಬಂತು ಎಂದು ತಿಳಿಯುವುದು ಅಷ್ಟು ಸುಲಭವಲ್ಲ.

ಮೊದಲು ಅಳತೆಯ ಶಾಸ್ತ್ರವನ್ನು ನೋಡೋಣ. ನೀತಿಯ ಪ್ರಶ್ನೆಯಲ್ಲಿ ಅರ್ಧ ಭಾಗ ತಿಳಿವಳಿಕೆಯ ಪ್ರಶ್ನೆಯೇ ಆಗಿರುತ್ತದೆ.

ಒಳಉಡುಪಿನ ಅಂಗಡಿಯಲ್ಲಿ ಕಪ್ ಎಂದು ಎ, ಬಿ, ಸಿ, ಡಿ ಅಕ್ಷರಗಳನ್ನು ಹೇಳುತ್ತಾರೆ. ಹೆಚ್ಚಿನವರು 'ನನಗೆ ಸಿ ಆಗಬೇಕು' ಎಂದೇ ವೈದ್ಯರ ಬಳಿ ಹೋಗುತ್ತಾರಂತೆ. ಆದರೆ ಆ ಅಕ್ಷರ ಗಾತ್ರವನ್ನು ಹೇಳುವುದಿಲ್ಲ. ಎದೆಯ ಸುತ್ತಳತೆಗೂ ಅದರ ಕೆಳಗಿನ ಪಟ್ಟಿಯ ಸುತ್ತಳತೆಗೂ ಇರುವ ಅಂತರವನ್ನಷ್ಟೇ ಅದು ಹೇಳುತ್ತದೆ. ೩೨ರ ಪಟ್ಟಿಯ ಸಿ ಮತ್ತು ೩೮ರ ಪಟ್ಟಿಯ ಸಿ ಒಂದೇ ಅಲ್ಲ. ಎರಡನೆಯದರಲ್ಲಿ ಹಿಡಿಸುವುದು ಬಹಳ ಹೆಚ್ಚು. ಒಂದು ಕಂಪನಿಯ ಅಕ್ಷರ ಇನ್ನೊಂದು ಕಂಪನಿಗೆ ಹೊಂದುವುದೂ ಇಲ್ಲ. ಇಂಪ್ಲಾಂಟುಗಳು ಅಕ್ಷರದಲ್ಲಿ ಬರುವುದಿಲ್ಲ, ಸಿಸಿಯಲ್ಲಿ ಬರುತ್ತವೆ: ಸುಮಾರು ೧೦೦ ಸಿಸಿಯಿಂದ ೮೦೦ ಸಿಸಿಯವರೆಗೆ. ಅದೇ ೩೦೦ ಸಿಸಿಯ ಚೀಲ ಅಗಲ ಎದೆಯವಳಲ್ಲಿ ಕಂಡೂ ಕಾಣದಂತಿದ್ದರೆ, ಸಣ್ಣ ಮೈಯವಳಲ್ಲಿ ಎದ್ದು ತೋರುತ್ತದೆ. ಗೆಳತಿಗೆ ಎಷ್ಟು ಹಾಕಿಸಿದರೋ ಅಷ್ಟೇ ತನಗೂ ಎನ್ನುವ ಲೆಕ್ಕಾಚಾರಕ್ಕೆ ಇಲ್ಲಿ ಅರ್ಥವಿಲ್ಲ.

೨೦೦೫ರಲ್ಲಿ ಅಮೆರಿಕದ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯರು ಈ ಆಯ್ಕೆಗೆ ಒಂದು ಕ್ರಮವನ್ನು ಪ್ರಕಟಿಸಿದರು. ಅದರ ಸಾರವಿಷ್ಟು: ಬಯಕೆಯನ್ನು ಮುಂದಿಟ್ಟುಕೊಂಡು ದೇಹವನ್ನು ಅದಕ್ಕೆ ಎಳೆಯಬಾರದು, ದೇಹವನ್ನು ಮೊದಲು ಅಳೆದು, ಅದು ತಾಳುವ ಮಿತಿಯೊಳಗೆ ಬಯಕೆಯನ್ನು ಕೂರಿಸಬೇಕು. ಸ್ತನದ ತಳದ ಅಗಲ ಎಷ್ಟು ಸೆಂಟಿಮೀಟರು, ಚರ್ಮ ಎಷ್ಟು ಹಿಗ್ಗುತ್ತದೆ, ಮೇಲ್ಭಾಗದಲ್ಲಿ ಚಿವುಟಿ ಹಿಡಿದರೆ ಎಷ್ಟು ದಪ್ಪ ಸಿಗುತ್ತದೆ, ಇವೆಲ್ಲವನ್ನೂ ಅಳೆಯುತ್ತಾರೆ. ತಳದ ಅಗಲಕ್ಕಿಂತ ಅಗಲವಾದ ಚೀಲವನ್ನು ತುರುಕಿದರೆ ಅಂಚು ಹೊರಗೆ ಎದ್ದು ಕಾಣಬಹುದು; ಎರಡೂ ಕಡೆಯವು ನಡುವೆ ಬಂದು ಕೂಡಿಕೊಳ್ಳಲೂಬಹುದು. ವರ್ಷಗಳು ಕಳೆದಂತೆ ಭಾರಕ್ಕೆ ಚರ್ಮ ತೆಳುವಾಗಿ ಜೋತುಬೀಳುತ್ತದೆ. ತೆಳುವಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ನಮ್ಮ ಅಜ್ಜಿಯರು ಹಣದ ವಿಷಯದಲ್ಲಿ ಹೇಳುತ್ತಿದ್ದುದನ್ನೇ ಈ ವೈದ್ಯರು ಸೆಂಟಿಮೀಟರಿನಲ್ಲಿ ಹೇಳಿದರು ಎನ್ನಬಹುದು.

ಭಾರದ ಮಾತು ಬಂತು. ಸಿಲಿಕೋನ್ ಜೆಲ್ಲಿನ ಸಾಂದ್ರತೆ ನೀರಿನ ಆಸುಪಾಸಿನದು. ಆದುದರಿಂದ ಒಂದು ಸಿಸಿ ಎಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ೨೫೦ ಸಿಸಿಯ ಎರಡು ಚೀಲ ಅರ್ಧ ಕಿಲೋ ತೂಗುತ್ತವೆ; ೪೦೦ ಸಿಸಿಯ ಎರಡು, ೮೦೦ ಗ್ರಾಂ; ೬೦೦ ಸಿಸಿಯವಾದರೆ ಒಂದು ಕಿಲೋ ೨೦೦ ಗ್ರಾಂ. ಮಾರುಕಟ್ಟೆಯಿಂದ ಒಂದು ಕಿಲೋ ತೊಗರಿಬೇಳೆ ತರುವುದು ನಮಗೆ ಭಾರವಲ್ಲ. ಆದರೆ ಆ ಚೀಲವನ್ನು ಮನೆಯ ಹೊಸ್ತಿಲು ದಾಟಿದೊಡನೆ ಇಳಿಸುತ್ತೇವೆ. ಇದು ಇಳಿಸಲಾಗದ ಚೀಲ. ನಿದ್ದೆಯಲ್ಲಿಯೂ, ಗಾಡಿ ಹಿಡಿಯಲು ಓಡುವಾಗಲೂ, ಅರವತ್ತು ದಾಟಿ ಬೆನ್ನು ಬಾಗಿದ ಮೇಲೂ ಅದು ಜೊತೆಯಲ್ಲಿಯೇ ಇರುತ್ತದೆ. ಪಾಲಿಥೀನ್ ಚೀಲದಲ್ಲಿ ಅಕ್ಕಿಯನ್ನು ಅಳೆದು ತುಂಬಿ, ಒಳಉಡುಪಿನಲ್ಲಿಟ್ಟುಕೊಂಡು ಎರಡು ದಿನ ಮನೆಗೆಲಸ ಮಾಡಿ ನೋಡುವ ಪದ್ಧತಿಯೊಂದಿದೆ. ಆಕಾರದ ಅಂದಾಜಿಗೆ ಅದು ಒಳ್ಳೆಯದೇ. ಆದರೆ ಅಕ್ಕಿಯ ಕಾಳುಗಳ ನಡುವೆ ಗಾಳಿಯಿರುವುದರಿಂದ ತೂಕ ಕೊಂಚ ಕಡಿಮೆಯೇ ತೋರುತ್ತದೆ. ಎರಡು ದಿನದ ಪರೀಕ್ಷೆ ಇಪ್ಪತ್ತು ವರ್ಷದ ಮಾತನ್ನು ಹೇಳಲಾರದು ಎಂಬುದಂತೂ ಸರಿಯೆ.

ಇಪ್ಪತ್ತು ವರ್ಷ ಎಂದೆವು. ಒಮ್ಮೆ ಇಟ್ಟ ಚೀಲ ಜೀವಮಾನವೆಲ್ಲ ಬಾಳುತ್ತದೆಂಬ ಭರವಸೆಯೂ ಇಲ್ಲ. ಸುತ್ತಲಿನ ಅಂಗಾಂಶ ಬಿಗಿದು ಗಟ್ಟಿಯಾಗಬಹುದು, ಚೀಲ ಒಡೆಯಬಹುದು, ಬದಲಿಸಬೇಕಾಗಬಹುದು. ಸಿಲಿಕೋನ್ ಚೀಲ ಸದ್ದಿಲ್ಲದೆ ಒಡೆದಿದೆಯೆ ಎಂದು ತಿಳಿಯಲು ಐದಾರು ವರ್ಷಗಳ ನಂತರ ಒಮ್ಮೆ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯ ಸಿಲಿಕೋನಿನ ಬದಲು ಕಾರ್ಖಾನೆಗಳಿಗೆ ಬಳಸುವ ಅಗ್ಗದ ಸಿಲಿಕೋನನ್ನು ತುಂಬಿ ಮಾರಿದ್ದು ೨೦೧೦ರಲ್ಲಿ ಬಯಲಾಯಿತು. ಅದರ ಸ್ಥಾಪಕನಿಗೆ ೨೦೧೩ರಲ್ಲಿ ನ್ಯಾಯಾಲಯ ಸೆರೆವಾಸ ವಿಧಿಸಿತು. ೨೦೧೯ರಲ್ಲಿ, ಹೊರಮೈ ಒರಟಾಗಿರುವ ಕೆಲವು ಬಗೆಯ ಇಂಪ್ಲಾಂಟುಗಳಿಗೂ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿಗೂ ಸಂಬಂಧವಿರುವ ಕಾರಣ ಅವುಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. ೨೦೨೧ರಲ್ಲಿ ಅಮೆರಿಕದ ಅದೇ ಸಂಸ್ಥೆ ಇಂಪ್ಲಾಂಟುಗಳಿಗೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಕಡ್ಡಾಯಮಾಡಿ, ಹೆಂಗಸು ಒಂದೊಂದು ಅಪಾಯವನ್ನೂ ಓದಿ ಗುರುತು ಹಾಕಬೇಕಾದ ಪಟ್ಟಿಯನ್ನು ಜಾರಿಗೆ ತಂದಿತು. ಮೊದಲ ಹೆಂಗಸಿಗೆ ಚೀಲವನ್ನು ಅಳವಡಿಸಿದ ಅರವತ್ತು ವರ್ಷಗಳ ಆಸುಪಾಸಿನಲ್ಲಿ ಆ ಪಟ್ಟಿ ಬಂತು ಎಂಬುದನ್ನು ಗಮನಿಸಬೇಕು.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭವಾಗಬೇಕಿತ್ತಲ್ಲವೆ? ಆಗುವುದಿಲ್ಲ. ಏಕೆಂದರೆ ದೇಹದ ಅಳತೆ ಹೇಳುವುದು ಹೆಚ್ಚೆಂದರೆ ಎಷ್ಟು ಎಂಬುದನ್ನು ಮಾತ್ರ. ಎಷ್ಟು ಬೇಕು ಎಂಬುದನ್ನೂ, ಬೇಕೇ ಎಂಬುದನ್ನೂ ಅದು ಹೇಳುವುದಿಲ್ಲ.

ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದು ಅಳತೆಯಲ್ಲಿ ನುಸುಳುವ ದೋಷಗಳನ್ನು. ಅವುಗಳಲ್ಲಿ ಎರಡು ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತವೆ. ಒಂದು, ಸೊನ್ನೆಯ ದೋಷ. ಸ್ಕ್ರೂಗೇಜಿನ ಸೊನ್ನೆ ತನ್ನ ಜಾಗದಲ್ಲಿಲ್ಲದಿದ್ದರೆ, ಎಷ್ಟು ಎಚ್ಚರದಿಂದ ಅಳೆದರೂ ಬಂದ ಉತ್ತರವೆಲ್ಲ ತಪ್ಪೇ. ಎರಡು, ನೋಟದ ದೋಷ, ಪ್ಯಾರಲಾಕ್ಸ್ ಎನ್ನುತ್ತಾರೆ. ಮುಳ್ಳು ಸರಿಯಾದ ಕಡೆಯೇ ನಿಂತಿರುತ್ತದೆ, ಆದರೆ ನೋಡುವವರ ಕಣ್ಣು ನೇರಕ್ಕಿಲ್ಲದೆ ಓರೆಯಾಗಿದ್ದರೆ ಬೇರೆ ಅಂಕಿ ಕಾಣುತ್ತದೆ.

ಸೊನ್ನೆಯ ದೋಷಕ್ಕೆ ಒಂದು ನಿದರ್ಶನ ಹೀಗಿದೆ. ೧೯೮೨ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನರ ಸಂಘವು ಸರಕಾರದ ನಿಯಂತ್ರಣ ಸಂಸ್ಥೆಗೆ ಬರೆದು ತಿಳಿಸಿದ ಅಭಿಪ್ರಾಯದಲ್ಲಿ, ಸಣ್ಣ ಸ್ತನವನ್ನು ಒಂದು ವಿಕೃತಿ ಎಂದೂ, ಅದು ನಿಜಕ್ಕೂ ಒಂದು ರೋಗವೇ ಎಂದೂ ವಾದಿಸಿತ್ತು. ಜ್ವರವಿಲ್ಲ, ನೋವಿಲ್ಲ, ಮಗುವಿಗೆ ಹಾಲೂಡಿಸಲು ಅಡ್ಡಿಯಿಲ್ಲ, ಆದರೂ ರೋಗ! ಆರೋಗ್ಯವಂತ ಹೆಂಗಸನ್ನು ಒಂದು ಕೊರತೆಯಿಂದ ಎಣಿಸಲು ತೊಡಗಿದರೆ ಅದು ಸೊನ್ನೆಯನ್ನೇ ಪಕ್ಕಕ್ಕೆ ಸರಿಸಿದಂತೆ. ಆಮೇಲೆ ಅವಳು ೨೦೦ ಸಿಸಿ ಆರಿಸಲಿ, ೪೦೦ ಆರಿಸಲಿ, ಅದನ್ನು ಅವಳ ಸ್ವಂತ ಆಯ್ಕೆ ಎನ್ನುವುದು ಕಷ್ಟ.

ಸೊನ್ನೆಯನ್ನು ಸರಿಸಿದವರು ವೈದ್ಯರು ಮಾತ್ರ ಎಂದರೆ ಅನ್ಯಾಯವಾದೀತು. ನಮ್ಮ ಹಳೆಯ ಕವಿಗಳು ನಾಯಿಕೆಯ ಎದೆಯನ್ನು ಕಲಶಕ್ಕೂ ಚಕ್ರವಾಕ ಪಕ್ಷಿಗಳ ಜೋಡಿಗೂ ಹೋಲಿಸಿ ವರ್ಣಿಸುವುದನ್ನು ಸಂಪ್ರದಾಯವನ್ನಾಗಿಯೇ ಮಾಡಿಕೊಂಡಿದ್ದರು. ಬೇಲೂರಿನ ಮದನಿಕೆಯರನ್ನು ನೋಡಿ ಬಂದ ನಾವೆಲ್ಲರೂ ಅವರ ಚೆಲುವನ್ನು ಕೊಂಡಾಡಿದ್ದೇವೆ. ಶಿಲ್ಪಿಗೆ ತಾಳಮಾನದ ಶಾಸ್ತ್ರವಿತ್ತು. ಮುಖದ ಉದ್ದವನ್ನು ಮೂಲಮಾನವಾಗಿ ಹಿಡಿದು ಉಳಿದ ಅಂಗಗಳನ್ನು ಆತ ರೂಪಿಸಿದ. ಅದು ತಪ್ಪಲ್ಲ, ಅದು ಕಲ್ಲು. ಕಲ್ಲಿಗೆ ಬೆನ್ನುನೋವಿಲ್ಲ, ಕಲ್ಲು ಗಾಡಿ ಹಿಡಿಯಲು ಓಡುವುದಿಲ್ಲ. ಕಲ್ಲಿನ ಅಳತೆಯನ್ನು ಮೈಯ ಮೇಲೆ ಹೇರಿದಾಗ ಮಾತ್ರ ಕಷ್ಟ ಆರಂಭವಾಗುತ್ತದೆ. ಆ ಅಳತೆಯಾದರೂ ಸ್ಥಿರವೆ? ೧೯೨೦ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಫ್ಯಾಷನ್ ಹುಡುಗಿಯರು ಎದೆ ಚಪ್ಪಟೆಯಾಗಿ ಕಾಣಲೆಂದು ಬಿಗಿಯಾಗಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅವರ ಮಕ್ಕಳ ಕಾಲಕ್ಕೆ ಹ್ಯೂಸ್ಟನ್ನಿನಲ್ಲಿ ಚೀಲಗಳು ಬಂದವು. ಒಂದು ತಲೆಮಾರಿನಲ್ಲಿ ಬದಲಾಗುವ ರುಚಿಗಾಗಿ ಒಂದು ಜೀವಮಾನದ ಗಾಯವನ್ನು ಮಾಡಿಕೊಳ್ಳುವುದೆ ಎಂಬ ಪ್ರಶ್ನೆ ಏಳುವುದು ಸಹಜ.

ಹಾಗೆಂದು, ಇದೆಲ್ಲ ಬರಿಯ ಶೋಕಿ, ಹೊಟ್ಟೆ ತುಂಬಿದವರ ಆಟ ಎಂದು ಮೂಗು ಮುರಿಯುವವರ ಗುಂಪಿಗೆ ನಾವು ಸೇರಿದವರಲ್ಲ. ತಲೆಗೂದಲಿಗೆ ಬಣ್ಣ ಹಚ್ಚುತ್ತೇವೆ, ಮಕ್ಕಳ ವಕ್ರ ಹಲ್ಲಿಗೆ ತಂತಿ ಕಟ್ಟಿಸುತ್ತೇವೆ. ಕಾಣಿಸಿಕೊಳ್ಳುವುದರಲ್ಲಿ ಸಂತೋಷವಿದೆ, ಆ ಸಂತೋಷ ಪಾಪವಲ್ಲ. ಅವಶ್ಯಕ ಯಾವುದು, ಅಲಂಕಾರ ಯಾವುದು ಎಂದು ಗೆರೆ ಎಳೆಯುವುದೂ ನಾವು ತಿಳಿದಷ್ಟು ಸರಳವಲ್ಲ. ವೈದ್ಯಕೀಯ ಬಿಲ್ಲುಗಳ ಫೈಲುಗಳನ್ನು ನೋಡಿದವರಿಗೆಲ್ಲ ಈ ಗೆರೆಯ ತೊಂದರೆ ಗೊತ್ತು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ ೨೦೧೯ರಲ್ಲಿ ಗೊತ್ತುಪಡಿಸಿದ ನಿಯಮದಂತೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಹಣ ಸಿಗುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ನಂತರ ಅಂಗವನ್ನು ಮರಳಿ ರೂಪಿಸುವುದಾದರೆ ಈ ನಿಷೇಧ ತಗಲುವುದಿಲ್ಲ. ಅಮೆರಿಕದಲ್ಲಿ ೧೯೯೨ರಲ್ಲಿ ಸಿಲಿಕೋನ್ ಚೀಲಗಳನ್ನು ತಡೆಹಿಡಿದಾಗಲೂ ಕ್ಯಾನ್ಸರಿನವರಿಗೆ ಮಾತ್ರ ಬಾಗಿಲು ಕೊಂಚ ತೆರೆದಿತ್ತು. ಉಳಿದವರಿಗೆ ಅದು ಮತ್ತೆ ತೆರೆದದ್ದು ೨೦೦೬ರಲ್ಲಿ.

ಈ ಗೆರೆಯನ್ನು ದಾಟಿದ ಒಂದು ಸರಕಾರವೂ ನಮ್ಮ ನೆರೆಯಲ್ಲಿಯೇ ಇದೆ. ೨೦೧೮ರಲ್ಲಿ ತಮಿಳುನಾಡು ಸರಕಾರವು ಚೆನ್ನೈಯ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಬಡ ಹೆಂಗಸರಿಗೆ ಕ್ಯಾನ್ಸರಿನ ನಂತರದ ಮರುರಚನೆಯನ್ನಷ್ಟೇ ಅಲ್ಲದೆ, ಸ್ತನದ ಗಾತ್ರವನ್ನು ಬದಲಿಸುವ ಶಸ್ತ್ರಚಿಕಿತ್ಸೆಯನ್ನೂ ಉಚಿತವಾಗಿ ಮಾಡುವುದಾಗಿ ಸಾರಿತು. ಡೆಂಗಿ, ಕ್ಷಯಗಳಿಗೆ ಹಣ ಸಾಲದಿರುವಾಗ ಇದೇಕೆ ಎಂದು ಕೆಲವರು ಕೇಳಿದರು. ಸೌಂದರ್ಯ ಚಿಕಿತ್ಸೆ ಉಳ್ಳವರ ಸೊತ್ತೇ, ಬಡವರಿಗೆ ಏಕೆ ದೊರೆಯಬಾರದು ಎಂದು ಆರೋಗ್ಯ ಮಂತ್ರಿಗಳು ಮರುಪ್ರಶ್ನೆ ಹಾಕಿದರು. ಎರಡು ಮಾತಿನಲ್ಲಿಯೂ ತಿರುಳಿದೆ. ನಮಗೆ ತೋರುವುದಿಷ್ಟು: ಅತಿ ಭಾರದ ಸ್ತನದಿಂದ ಬೆನ್ನು ಕುತ್ತಿಗೆ ನೋಯುವ ಕೂಲಿ ಹೆಂಗಸಿಗೆ ಅದನ್ನು ಇಳಿಸಿಕೊಡುವುದು ಅಲಂಕಾರವಲ್ಲ. ಬಡವಳಿಗೆ ತನ್ನ ದೇಹದ ಬಗ್ಗೆ ಬಯಕೆ ಇರಬಾರದು ಎನ್ನುವುದು ಧರ್ಮವೂ ಅಲ್ಲ. ಆದುದರಿಂದ ಅವಶ್ಯಕವೋ ಅಲಂಕಾರವೋ ಎಂಬ ತಕ್ಕಡಿಯನ್ನು ಬಿಟ್ಟು, ಬಯಕೆ ಯಾರದು ಎಂಬುದನ್ನೇ ಕೇಳಬೇಕು.

ಇಲ್ಲಿಗೆ ಎರಡನೆಯ ದೋಷ, ಓರೆ ಕಣ್ಣಿನ ದೋಷ, ಬರುತ್ತದೆ.

ನಮ್ಮ ಕಚೇರಿಯಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿದ್ದರು. ಸೆಕ್ಷನ್ನಿನ ನಮಗೆಲ್ಲ ಅವರು ಅಕ್ಕ. ಕ್ಯಾನ್ಸರಿನ ಕಾರಣ ಅವರ ಒಂದು ಸ್ತನವನ್ನು ತೆಗೆಯಬೇಕೆಂದಾದಾಗ, ಅಲ್ಲಿ ಇಂಪ್ಲಾಂಟ್ ಇಡುವುದಾದರೆ ಎಷ್ಟು ಗಾತ್ರದ್ದು ಎಂದು ವೈದ್ಯರು ಕೇಳಿದರು. ಮನೆಯಲ್ಲಿ ಎಲ್ಲರ ಬಳಿಯೂ ಉತ್ತರವಿತ್ತು. ಯಜಮಾನರು, "ಡಾಕ್ಟರು ಹೆಂಗ ಹೇಳ್ತಾರ ಹಂಗ" ಎಂದರು. ನಾದಿನಿ, "ಈ ವಯಸ್ಸಿನಾಗ ಯಾಕ ಬೇಕ್ರಿ ವೈನಿ ಇದೆಲ್ಲಾ?" ಎಂದರು. ಮಗಳು ಅಳುತ್ತಾ, "ಮೊದಲ ಹೆಂಗಿದ್ದಿ ಹಂಗ ಆಗು ಅವ್ವಾ" ಎಂದಳು. ಯಾರ ಮಾತಿನಲ್ಲಿಯೂ ಕೆಡುಕಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತು ಅಕ್ಕನವರ ಎದೆಯ ಅಂಕಿಯನ್ನು ಓದುತ್ತಿದ್ದರು.

ಅಕ್ಕ ನಾಲ್ಕು ದಿನ ಯಾರಿಗೂ ಏನೂ ಹೇಳಲಿಲ್ಲ. ಐದನೆಯ ದಿನ ವೈದ್ಯರಿಗೆ ಹೇಳಿದ್ದನ್ನು ಆಮೇಲೆ ನಮಗೂ ಹೇಳಿದರು: "ಮೂವತ್ತೈದು ವರ್ಷ ಹೊತ್ತೀನ್ರಿ ಡಾಕ್ಟರ. ಕುತಿಗಿ ನೂತದ, ಹೆಗಲ ಮ್ಯಾಲ ಪಟ್ಟಿ ಕೊರದ ಗುರುತ ಅದ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸಾದು ಸಣ್ಣದ ಇಡ್ರಿ. ಉಳದದ್ದನ್ನೂ ಅದಕ್ಕ ಸರಿಯಾಗಿ ಸಣ್ಣದ ಮಾಡ್ರಿ." ಹಾಗೆ ಮಾಡಲು ಬರುತ್ತದೆ. ಒಂದು ಕಡೆಯನ್ನು ಹೊಸದಾಗಿ ರೂಪಿಸಿ, ಇನ್ನೊಂದು ಕಡೆಯನ್ನು ಕಡಿಮೆ ಮಾಡಿ ಎರಡನ್ನೂ ಸಮ ಮಾಡುವುದು ಈ ವೈದ್ಯದಲ್ಲಿ ಹೊಸದಲ್ಲ. ಮನೆಯವರು ತಬ್ಬಿಬ್ಬಾದರು. ರೋಗದ ನಡುವೆ ಇವಳು ತನ್ನ ಅನುಕೂಲವನ್ನು ಕೇಳುತ್ತಾಳಲ್ಲ ಎಂದು ನಾದಿನಿಯವರಿಗೆ ಕೊಂಚ ಬೇಸರವೂ ಆಯಿತು. ಆದರೆ ಭಾರ ಹೊತ್ತವರು ಅಕ್ಕ. ಅಳತೆ ಹೇಳುವ ಹಕ್ಕೂ ಅವರದೇ ಆಗಿತ್ತು. ನಮ್ಮ ಲೆಕ್ಕದಲ್ಲಿ ಅಂದು ನೇರವಾದ ಕಣ್ಣಿನಿಂದ ಓದಿದ ಅಂಕಿ ಅದೊಂದೇ.

ಸಣ್ಣದೇ ನೀತಿ, ದೊಡ್ಡದು ಅನೀತಿ ಎಂಬುದು ಈ ಕಥೆಯ ಅರ್ಥವಲ್ಲ. ಇನ್ನೊಬ್ಬಳು ಅಷ್ಟೇ ನೇರವಾಗಿ ನೋಡಿ ದೊಡ್ಡದನ್ನು ಕೇಳಬಹುದು. ಅದೂ ಅವಳದೇ ಅಳತೆ. ಆದರೆ ಹೆಣ್ಣು ನೋಡಲು ಬಂದವರು ಏನೋ ಅಂದು ಹೋದರೆಂದು ಮಗಳನ್ನು ವೈದ್ಯರ ಬಳಿ ಕರೆದೊಯ್ಯುವ ತಾಯಿಗೆ, ಗಂಡನ ಕಣ್ಣು ಬೇರೆ ಕಡೆ ಹರಿಯುತ್ತಿದೆಯೆಂದು ಸಾಲ ಮಾಡಿ ಹೊರಟ ಹೆಂಡತಿಗೆ, ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರೆಂದು ಹೇಳಬಹುದು: ಯಾರಿಗಾಗಿ ಈ ಅಳತೆಯೋ ಅವರು ನಾಳೆ ಮನಸ್ಸು ಬದಲಾಯಿಸಿದರೆ, ಅಥವಾ ನಮ್ಮ ಬದುಕಿನಲ್ಲಿಯೇ ಇಲ್ಲವಾದರೆ, ಆಗಲೂ ಈ ಅಳತೆ ನಮಗೆ ಬೇಕೆ? ಬೇಕು ಎಂದಾದರೆ ಸಂತೋಷದಿಂದ ಆಗಲಿ. ಬೇಡ ಎಂದಾದರೆ, ಬೇರೆಯವರ ಚೀಲವನ್ನು ನಮ್ಮ ಎದೆಯಲ್ಲಿ ಹೊರುತ್ತಿದ್ದೇವೆ ಎಂದೇ ಅರ್ಥ.

ಯಾರ ಇಚ್ಛೆ ತಾನೇ ಪೂರ್ತಿ ಸ್ವಂತದ್ದು ಎಂದು ತರ್ಕ ಮಾಡುವವರಿದ್ದಾರೆ. ನಮ್ಮ ಊಟದ ರುಚಿ ಕೂಡ ತಾಯಿಯ ಕೈಯಿಂದ ಬಂದದ್ದೇ ಅಲ್ಲವೆ, ಹಾಗಿರುವಾಗ ನೋಟದ ರುಚಿ ಮಾತ್ರ ಹೇಗೆ ಸ್ವಂತದ್ದಾದೀತು ಎನ್ನುತ್ತಾರೆ. ಮಾತು ನಿಜ. ಲೋಕದಿಂದ ಬಂದ ಬಯಕೆಯೆಲ್ಲ ಕೆಟ್ಟದ್ದಲ್ಲ. ಆದರೆ ತಾಯಿ ಬಡಿಸಿದ ಊಟದಲ್ಲಿ ಬೇಡವಾದದ್ದನ್ನು ಎಲೆಯ ಬದಿಗೆ ತಳ್ಳುವ ಅವಕಾಶ ಮಗುವಿಗಿರುತ್ತದೆ. ಬೇಡ ಎನ್ನುವ ಅವಕಾಶ ಇದ್ದಲ್ಲಿ ಮಾತ್ರ ಬೇಕು ಎಂಬ ಮಾತಿಗೆ ಬೆಲೆ.

ಈ 'ಬೇಡ'ದ ವಿಷಯದಲ್ಲಿ ಆಡ್ರಿ ಲಾರ್ಡ್ ಎಂಬ ಅಮೆರಿಕದ ಕಪ್ಪು ಜನಾಂಗದ ಕವಯಿತ್ರಿಯನ್ನು ನೆನೆಯಬೇಕು. ೧೯೭೮ರಲ್ಲಿ ಕ್ಯಾನ್ಸರಿನಿಂದ ಆಕೆಯ ಒಂದು ಸ್ತನವನ್ನು ತೆಗೆದರು. ಕೃತಕ ಸ್ತನವನ್ನು ಒಳಗಿಡಿಸಿಕೊಳ್ಳಲೂ ಇಲ್ಲ, ಹೊರಗಿನಿಂದ ಧರಿಸಲೂ ಇಲ್ಲ. ಹಾಗೆಯೇ ವೈದ್ಯರ ಬಳಿಗೆ ಹೋದಾಗ, ಅಲ್ಲಿಯ ದಾದಿ ಅದನ್ನು ಧರಿಸದೆ ಬರುವುದು ಚಿಕಿತ್ಸಾಲಯದ ಮನೋಧೈರ್ಯಕ್ಕೆ ಒಳ್ಳೆಯದಲ್ಲ ಎಂದು ಆಕ್ಷೇಪಿಸಿದಳು. ೧೯೮೦ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆಕೆ ಇದನ್ನು ಬರೆದಿದ್ದಾಳೆ. ಕಾಲು ಕಳೆದುಕೊಂಡವನು ಊರುಗೋಲು ಹಿಡಿದು ಬಂದರೆ ಯಾರ ಧೈರ್ಯವೂ ಕುಂದುವುದಿಲ್ಲ. ಸ್ತನ ಕಳೆದುಕೊಂಡವಳು ಹಾಗೆಯೇ ಬಂದರೆ ಕುಂದುತ್ತದೆ! ಆ ದಾದಿಯೂ ಒಳ್ಳೆಯ ಮನಸ್ಸಿನವಳೇ ಇದ್ದಾಳು. ಆದರೆ ರೋಗಿಯ ಎದೆ ನೋಡುವವರ ಸಮಾಧಾನಕ್ಕಾಗಿ ಇದೆ ಎಂದು ಆಕೆ ನಂಬಿದ್ದಳು. ಇಂದು ಪಾಶ್ಚಾತ್ಯ ದೇಶಗಳಲ್ಲಿ ಎಷ್ಟೋ ಹೆಂಗಸರು ಏನನ್ನೂ ಇಡಿಸಿಕೊಳ್ಳದೆ, ಎದೆಯನ್ನು ಸಮತಟ್ಟಾಗಿ ಅಚ್ಚುಕಟ್ಟಾಗಿ ಹೊಲಿದುಕೊಡಿ ಎಂದು ಕೇಳಿ ಪಡೆಯುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ನೂಲಿನಿಂದ ಹೆಣೆದ ಹಗುರವಾದ ಕೃತಕ ಸ್ತನಗಳನ್ನು ಮಾಡಿ ಉಚಿತವಾಗಿ ಹಂಚುವ ಹೆಂಗಸರಿದ್ದಾರೆ. ಹೊರಗೆ ಹೋಗುವಾಗ ಇಟ್ಟುಕೊಂಡು, ಮನೆಗೆ ಬಂದು ತೆಗೆದಿಡಬಹುದು. ಅದನ್ನು ಇಳಿಸಬಹುದು ಎಂಬುದೇ ಅದರ ಗುಣ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಉಡುಗೆಯನ್ನೇ ಬಿಟ್ಟು ಕೂದಲನ್ನು ಹೊದ್ದು ನಡೆದಳೆಂದು ಓದಿ ನಾವು ಕೈಮುಗಿಯುತ್ತೇವೆ. ಆಕೆಯ ಹಾದಿ ಸಂಸಾರಿಗಳಾದ ನಮಗೆ ದೂರದ್ದು. ಆದರೂ ಪರರ ನೋಟ ತನ್ನ ದೇಹದ ಒಡೆಯನಲ್ಲ ಎಂದು ನಮ್ಮ ನುಡಿಯಲ್ಲಿಯೇ ಬದುಕಿ ತೋರಿಸಿದವಳು ಎಂಟುನೂರು ವರ್ಷಗಳ ಹಿಂದೆ ಇದ್ದಳೆಂಬುದನ್ನು, ಗಾದೆಯನ್ನು ಹೇಳುವಾಗಲಾದರೂ ನೆನಪಿಡಬೇಕು.

ಒಟ್ಟಿನಲ್ಲಿ ನಾವು ಹೇಳುವುದಿಷ್ಟೆ. ವೈದ್ಯರು ಮೇಜಿನ ಮೇಲೆ ಹರಡುವ ಚೀಲಗಳ ಸಾಲಿನಲ್ಲಿ ೧೦೦ರಿಂದ ೮೦೦ರವರೆಗೆ ಅಂಕಿಗಳಿರುತ್ತವೆ. ಆ ಸಾಲಿನ ಮೊದಲು ಸೊನ್ನೆಯನ್ನೂ ಇಡಬೇಕು. ಸೊನ್ನೆಯನ್ನು ಕೊರತೆ ಎಂದಲ್ಲದೆ, ಉಳಿದವುಗಳಷ್ಟೇ ಮರ್ಯಾದೆಯ ಒಂದು ಅಳತೆ ಎಂದು ಇಡಬೇಕು. ದೇಹದ ಮಿತಿ, ತೂಕ, ಅಪಾಯ, ಮುಂದಿನ ಖರ್ಚು ಇವನ್ನೆಲ್ಲ ಮುಚ್ಚಿಡದೆ ಹೇಳಬೇಕು. ಆಮೇಲೆ ಮನೆಯವರೂ, ವೈದ್ಯರೂ, ನಾವು ಹಿತೈಷಿಗಳೂ ಕೊಂಚ ಹೊತ್ತು ಸುಮ್ಮನಿರಬೇಕು. ನಾಲ್ಕು ದಿನವಾಗಲಿ, ನಾಲ್ಕು ವಾರವಾಗಲಿ. ಆಗ ಅವಳು ಯಾವ ಅಂಕಿಯನ್ನು ಹೇಳುತ್ತಾಳೋ ಅದೇ ಸರಿಯಾದ ಗಾತ್ರ.

ನಮ್ಮ ಸಂಘದ ಮನೆಗಳಲ್ಲಿಯೂ ಇಂದಲ್ಲ ನಾಳೆ ಈ ಪ್ರಶ್ನೆಯನ್ನು ಎದುರಿಸುವ ಅಕ್ಕತಂಗಿಯರಿರುತ್ತಾರೆ. ಆಗ 'ನಿನಗೆ ಹೇಗಿದ್ದರೆ ಚೆನ್ನ' ಎಂದು ಹೇಳಲು ನೂರು ಜನ ಬರುತ್ತಾರೆ. 'ನಿನಗೆ ಏನು ಬೇಕು' ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವವರು ಒಬ್ಬರಾದರೂ ಇರಲಿ.